ತಲೆ ಬಗ್ಗಿಸುವ ಕಲ್ಲಿನ ಆಚೆ

ಊಮಾ ಹಳ್ಳಿ, ರಾಂಬಿ ದ್ವೀಪ
೧೬ ಡಿಸೆಂಬರ್ ೧೯೯೮

ಮುದ್ದಿನ ತಂಗಿ ರಕೇರಾ,

ಹೇಗಿದ್ದೀಯೇ? ಲಕ್ವ ಹೊಡೆದ ನಿನ್ನ ಬಲಗೈಗೆ ಮಗಳು ಮರೇತಾ ದಿನಾ ಎಣ್ಣೆ ತಿಕ್ಕುತ್ತಾಳಂತೆ. ಮಾತು ಇನ್ನೂ ಹೊರಡುತ್ತಿಲ್ಲವಂತೆ, ಏನು ಕೇಳಿದರೂ ಹೂಂ ಎಂದು ತಲೆ ಆಡಿಸುತ್ತೀಯಂತೆ. ಹುಟ್ಟಿದಾಗಿನಿಂದ ನನಗೆ ಬಾಯಿ ತೆರೆಯಲು ಬಿಡದವಳು, ಈಗ ನಾನು ಹೇಳಿದ್ದನ್ನೆಲ್ಲ ಸುಮ್ಮನೆ ಕೇಳಿಸಿಕೊಳ್ಳಬೇಕು ನೋಡು. ತಮಾಷೆಗೆ ಬರೆದೆ, ಬರೆದ ಮೇಲೆ ಅಳು ಬಂತು. ನನ್ನ ಮಂಡಿನೋವು ಹಾಗೇ ಇದೆ. ಹಿತ್ತಿಲ ದೀವಿಹಲಸು ಈ ಸಲ ಚೆನ್ನಾಗಿ ಬಿಟ್ಟಿದೆ.

ನಿನ್ನೆ, ನಮ್ಮವರು ಹುಟ್ಟಿದ ದ್ವೀಪ ಬನಾಬಾದಿಂದ ಬಂದು ಇಲ್ಲಿ ಇಳಿದ ದಿನದ ಆಟವಾಯಿತು. ಆಡಿಸಿದವನು ಇಯೋತೆಬ ಮೇಷ್ಟ್ರು. ನಮ್ಮ ದ್ವೀಪದ ಮಣ್ಣನ್ನು ಗೊಬ್ಬರಕ್ಕೆಂದು ಅಗೆದು, ನೀನೀಗ ಇರುವ ಆಸ್ಟ್ರೇಲಿಯಾದ ಹೊಲಗಳಿಗೆ ಹಡಗು ತುಂಬಿ ಕಳಿಸಿದ್ದು, ಯುದ್ಧ ಮುಗಿದ ಮೇಲೆ ನಮ್ಮನ್ನು ತಂದು ಇಲ್ಲಿ ಇಳಿಸಿದ್ದು, ಎಲ್ಲವನ್ನೂ ಮಕ್ಕಳು ಕುಣಿದು ತೋರಿಸಿದರು. ನಮ್ಮ ಮಾತಿನಲ್ಲಿ ನೆಲಕ್ಕೂ ಜನಕ್ಕೂ ‘ಆಬಾ’ ಅನ್ನುವ ಒಂದೇ ಪದ ಎಂದು ಅಭ್ಯಾಸದಲ್ಲಿ ಹೇಳಿಕೊಟ್ಟಿದ್ದೆ. ಒಬ್ಬ ತರಲೆ ಹುಡುಗಿ ಕೇಳಿದಳು: ‘ಅಜ್ಜಿ, ನೆಲಾನೇ ಹಡಗಲ್ಲಿ ಹೊತ್ಕೊಂಡ್ ಹೋದ್ರಲ್ಲ, ಹಂಗಾದ್ರೆ ನಾವೀಗ ಆಸ್ಟ್ರೇಲಿಯಾದವರಾ?’ ‘ಹೋಗೇ, ಕುಣಿ ಹೋಗು’ ಅಂದೆ.

ಕೊನೆಗೆ ನನ್ನ ಸರದಿ, ನೀರಿನ ಗುಹೆಯ ಕಥೆ. ನೆನಪಿದೆಯಾ, ತೆಂಗಿನ ಚಿಪ್ಪು ಹಿಡಿದ ಅಮ್ಮ ಮುಂದೆ, ಹಿಂದೆ ನಾನು, ನನ್ನ ಸೊಂಟ ಹಿಡಿದ ನೀನು. ಗಂಡಸರು ಕಾಲಿಡಬಾರದ ಕತ್ತಲೆ ಅದು. ನೀರಿನ ವಾಸನೆ ಹಿಡಿದು ಮೊದಲು ಒಳಹೊಕ್ಕ ಅಜ್ಜಿಯ ಕಥೆ ಹೇಳುತ್ತಲೇ ಅಮ್ಮ ನಡೆಯುತ್ತಿದ್ದಳು. ಆ ಅಜ್ಜಿ ಎಲ್ಲಿ ತಿರುಗಿದಳೋ ನಾವೂ ಅಲ್ಲೇ ತಿರುಗಬೇಕು, ಕಥೆ ತಪ್ಪಿದರೆ ದಾರಿಯೂ ತಪ್ಪಿತು. ತಲೆ ಬಗ್ಗಿಸುವ ಕಲ್ಲು ಬಂದಾಗಲೆಲ್ಲ ನೀನು ಹಣೆ ಹೊಡೆಸಿಕೊಂಡು ಕಿರುಚುತ್ತಿದ್ದೆ. ಈಗ ಆ ಗುಹೆಯನ್ನೂ ಅಗೆದು ಹಾಕಿದ್ದಾರೆ. ಕಥೆ ಬಲ್ಲವರು ನಾವಿಬ್ಬರೇ ಉಳಿದಿದ್ದೇವೆ.

ನಿನ್ನೆ ಅರ್ಧದಲ್ಲೇ ನನ್ನ ಗಂಟಲು ಕಟ್ಟಿತು. ಉಳಿದದ್ದನ್ನು ಇಯೋತೆಬನೇ ಹೇಳಿ ಮುಗಿಸಿದ. ಚಿಪ್ಪಿನ ಬದಲು ಕೋಲಾ ಬಾಟಲಿ ಹಿಡಿದು ಆಟದ ಹುಡುಗಿಯರು ಗುಹೆಯಿಂದ ನೀರು ತಂದರು, ಜನ ಚಪ್ಪಾಳೆ ತಟ್ಟಿದರು. ಇಯೋತೆಬ ಒಳ್ಳೆಯವನೇ, ಆದರೆ ಗಂಡಸು.

ದೇವರು ನಿನಗೆ ಮಾತು ಕೊಡಲಿ. ಕೊಡದಿದ್ದರೆ ನೋವನ್ನಾದರೂ ಕೊಡದಿರಲಿ. ಕಲ್ಲಿಗೆ ಹೊಡೆಸಿಕೊಂಡ ಆ ಹಣೆಗೊಂದು ಮುತ್ತು.

ನಿನ್ನ ಅಕ್ಕ,
ತೆರೆಂಗಾ

ತಾ.ಕ.: ಮರೇತಾ, ಇದು ನಿನಗೆ ಕಣೇ. ನನ್ನ ಗಂಟಲು ಕಟ್ಟಿರಲಿಲ್ಲ. ತಲೆ ಬಗ್ಗಿಸುವ ಕಲ್ಲು ದಾಟಿದ ಮೇಲೆ ಎತ್ತ ತಿರುಗಬೇಕೋ ನನಗೆ ಮರೆತೇ ಹೋಯಿತು. ಇಯೋತೆಬ ಕಿವಿಯಲ್ಲಿ, ‘ಎಡಕ್ಕೋ ಬಲಕ್ಕೋ ಯಾರಿಗ್ ಗೊತ್ತಾಗುತ್ತೆ, ಒಂದು ಹೇಳ್ಬಿಡಜ್ಜಿ’ ಅಂದ. ನಾನು ಬಾಯಿಬಿಡಲಿಲ್ಲ. ‘ಎಡಕ್ಕೆ!’ ಎಂದು ಅವನೇ ಕೂಗಿದ, ಮಕ್ಕಳೆಲ್ಲ ಎಡಕ್ಕೆ ತಿರುಗಿದರು. ಇನ್ನು ಪ್ರತಿವರ್ಷ ಹಾಗೇ ತಿರುಗುತ್ತಾರೆ. ನಿಮ್ಮಮ್ಮನನ್ನು ಕೇಳು, ಆ ಕಲ್ಲಿನ ಆಚೆ ಯಾವ ಕಡೆ ಅಂತ. ಬಾಯಿ ಆಡದಿದ್ದರೆ ಯಾವ ಕೈ ಆಡಿತು ಅಂತ ನೋಡಿ ಬರೆ. ಅವಳಿಗೆ ಆಡುವುದು ಎಡಗೈ ಒಂದೇ, ಗೊತ್ತು. ಆದರೂ ಕೇಳು.