ಆಗ್ನೆಸ್ ಹಾಡಿದ ಲಾಲಿ

ಪೆರಂಬೂರು, ಚೆನ್ನೈ
೯ ಮಾರ್ಚ್ ೨೦೨೫

ಪ್ರೀತಿಯ ಮಗಳು ನಿಶ್ಮಿತಾಳಿಗೆ,

ಅಪ್ಪನ ತುಂಬು ಪ್ರೀತಿ. ಇಲ್ಲಿ ನಾನು ಕ್ಷೇಮ. ನಿನ್ನ ಬೆನ್ನುನೋವು ಕಡಿಮೆಯಾಯಿತೇ? ನಿನ್ನ ಫೋನು ತೆಗೆಯದೆ ಇಪ್ಪತ್ತು ದಿನವಾಯಿತು, ಸಿಟ್ಟು ಬಂದಿದ್ದರೆ ನ್ಯಾಯವೇ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ, ಅದಕ್ಕೇ ಈ ಕಾಗದ. ಚೆನ್ನೈಯಲ್ಲಿ ಓದಿದವಳಿಗೆ ಕನ್ನಡ ಓದುವುದೆಂದರೆ ಕಬ್ಬಿಣದ ಕಡಲೆ ಎಂದು ಗೊತ್ತು. ರೂಪೇಶನ ಕೈಯಲ್ಲಿ ಓದಿಸಿಕೋ. ಗಂಡ ಅಷ್ಟಾದರೂ ಕೆಲಸಕ್ಕೆ ಬರಲಿ.

ಹೋಟೆಲು ಹಾಗೇ ನಡೆಯುತ್ತಿದೆ. ಯಜಮಾನರ ಮಗ ಶ್ರೀಶ ಕಾಫಿಗೆ ಮೆಷಿನ್ ತಂದಿಟ್ಟಿದ್ದಾನೆ. ಗಿರಾಕಿಗಳು ಮಾತ್ರ "ಐತಪ್ಪಣ್ಣಾ, ನೀಂಗಳೇ ಪೋಡುಂಗ" ಎಂದು ನನ್ನ ಕೈಯ ಕಾಫಿಗೇ ಬರುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ಅವತ್ತು ಫೋನಿನಲ್ಲಿ ನೀನು, "ಅಪ್ಪಾ, ತೊಟ್ಟಿಲು ಹಾಕುವ ದಿನ ಆಗ್ನೆಸ್ ಹಾಡೇ ಹಾಕುವುದು. ನಮ್ಮ ಅಜ್ಜಿ ಲಾಲಿ ಅಲ್ವಾ, ರೊಂಬ ನಲ್ಲಾ ಇರುಕ್ಕು" ಎಂದೆ. ಬೇಡ ಮಗಾ. ಅದನ್ನು ಮಗುವಿಗೆ ಕೇಳಿಸಬೇಡ. ಅಜ್ಜಿಯ ಲಾಲಿ ಎಂದು ನಿನಗೆ ಹೇಳಿದವನು ನಾನೇ. ಯಾಕೆ ಬೇಡ ಎಂದು ಹೇಳುವ ಧೈರ್ಯ ಬರಲಿಕ್ಕೇ ಇಷ್ಟು ದಿನ ಹಿಡಿಯಿತು.

ಆಗ್ನೆಸ್ ವಿಟ್ಲೋ ಇಲ್ಲಿಗೆ ಬಂದದ್ದು ತೊಂಬತ್ತಮೂರರಲ್ಲಿ. ಇಂಗ್ಲೆಂಡಿನ ಉತ್ತರದ ಮೀನುಗಾರರ ಊರಿನವಳು. ಗಿಟಾರು ಹಿಡಿದು ಅಲ್ಲಿನ ಹೆಂಡದಂಗಡಿಗಳಲ್ಲಿ ತನ್ನ ಊರಿನ ಹಳೆಯ ಹಾಡು ಹಾಡುತ್ತಿದ್ದಳು, ಸ್ವಂತವಾಗಿ ಕಟ್ಟುತ್ತಲೂ ಇದ್ದಳು. ಅವಳ ಅಜ್ಜ ಇಲ್ಲಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫೋರ್‌ಮನ್ ಆಗಿದ್ದನಂತೆ. ಅವನ ಗೋರಿ ಹುಡುಕಲು ಬಂದವಳು ಹೋಟೆಲಿನ ಮಾಳಿಗೆಯ ಕೋಣೆಯಲ್ಲಿ ನಾಲ್ಕು ತಿಂಗಳು ಇದ್ದಳು. ಗೋರಿ ಸಿಗಲಿಲ್ಲ. ಮಸಾಲೆದೋಸೆಯನ್ನು ಚಮಚದಲ್ಲಿ ತಿನ್ನುವ ಹೆಂಗಸನ್ನು ನಾನು ಕಂಡದ್ದು ಅವಳೊಬ್ಬಳನ್ನೇ.

ಆಗ ನನ್ನ ಅಮ್ಮ ಊರಿಂದ ಬಂದು ಹೋಟೆಲಿನ ಹಿಂದಿನ ನಮ್ಮ ಮನೆಯಲ್ಲಿದ್ದರು. ಮುಸ್ಸಂಜೆ ಹಿತ್ತಲ ಬಾಗಿಲಲ್ಲಿ, ಮನೆಗೆ ಬೆನ್ನು ಹಾಕಿ ಕೂತು ತುಳುವಿನಲ್ಲಿ ಒಂದು ಹಾಡು ಹೇಳುತ್ತಿದ್ದರು. ಆಗ್ನೆಸ್ ಬಂದು ಎರಡು ದಿನವಾಗಿತ್ತಷ್ಟೆ, ಹೊಸಬಳು, ಏನೂ ತಿಳಿಯದು. ಟೇಪು ಹಿಡಿದುಕೊಂಡು ಓಡಿ ಬಂದು "ಇದು ಏನು ಹಾಡು?" ಎಂದಳು. ನಾನು "ಲಾಲಿ" ಎಂದುಬಿಟ್ಟೆ. ನನ್ನ ಹರಕು ಇಂಗ್ಲಿಷಿನಲ್ಲಿ ಅರ್ಥವನ್ನೂ ಹೇಳಿದೆ: ಬಾ ಮಗಾ, ದೀಪ ಹಚ್ಚಿದೆ, ಒಳಗೆ ಬಾ.

ಶುದ್ಧ ಸುಳ್ಳು. ನಮ್ಮ ಮನೆತನದಲ್ಲಿ ಹೆಸರಿಡುವ ಮುಂಚೆ ಮಗು ತೀರಿಕೊಂಡರೆ ಉತ್ತರಕ್ರಿಯೆ ಇಲ್ಲ. ಅಜ್ಜಿಯಾದವಳು ಹದಿನಾರು ಮುಸ್ಸಂಜೆ ಹಿತ್ತಲ ಬಾಗಿಲಲ್ಲಿ ಕೂತು ಹಾಡಿ ಮಗುವನ್ನು ಕಳಿಸಿಕೊಡಬೇಕು. ಹೋಗು ಮಗಾ, ದೀಪ ಆರಿಸಿದೆ, ತಿರುಗಿ ನೋಡಬೇಡ. ನಿಜವಾದ ಹಾಡು ಇದು. ಹೊಸಿಲೊಳಗೆ ಅದನ್ನು ಗುನುಗಿದರೂ ಅಮ್ಮ ಬೈಯುತ್ತಿದ್ದರು.

ಆ ರಾಗಕ್ಕೆ ಆಗ್ನೆಸ್ ನನ್ನ ಸುಳ್ಳನ್ನೇ ಇಂಗ್ಲಿಷಿನಲ್ಲಿ ಕಟ್ಟಿದಳು. ತೊಂಬತ್ತೈದರಲ್ಲಿ ಬಂದ ಮೊದಲ ರೆಕಾರ್ಡಿನಲ್ಲೇ ಅದು ಹೆಸರು ಮಾಡಿತು. ಆಮೇಲೆ ಹನ್ನೊಂದು ರೆಕಾರ್ಡು, ಊರೂರು ಕಛೇರಿ. ಎಲ್ಲಿ ಹೋದರೂ ಜನ ಕೊನೆಗೆ ಅದನ್ನೇ ಕೇಳುತ್ತಿದ್ದರಂತೆ, ಸಭೆಗೆ ಸಭೆಯೇ ದನಿಗೂಡಿಸುತ್ತಿತ್ತಂತೆ. ಪ್ರತಿ ಕ್ರಿಸ್‌ಮಸ್ಸಿಗೆ ನನಗೆ ಕಾಗದ ಹಾಕುತ್ತಿದ್ದಳು. ಒಂದರಲ್ಲಿ ಬರೆದಿದ್ದಳು: "ಅದನ್ನು ಹಾಡುವಾಗ ಬಾಗಿಲಲ್ಲಿ ಯಾರೋ ನಿಂತ ಹಾಗಾಗುತ್ತದೆ. ಒಳಗೆ ಬರುವುದಿಲ್ಲ, ಹೋಗುವುದೂ ಇಲ್ಲ." ಹೆದರಿ ಆರು ವರ್ಷ ಅದನ್ನು ಹಾಡುವುದನ್ನೇ ಬಿಟ್ಟಳು. ಕಛೇರಿಗೆ ಜನ ಬರುವುದು ನಿಂತಿತು. ಹೊಟ್ಟೆಪಾಡು, ಮತ್ತೆ ಹಾಡಿದಳು.

ಈ ಜನವರಿಯಲ್ಲಿ ಬಂದಿದ್ದಳು. ಗಂಟಲಿಗೆ ಆಪರೇಷನ್ ಆಗಿ ದನಿ ಬರೀ ಪಿಸುಮಾತಾಗಿತ್ತು. ಕಾಫಿ ಕುಡಿದು, ನನ್ನ ಕೈ ಹಿಡಿದು ಕೇಳಿದಳು: "ಐತಪ್ಪ, ನಿಜ ಹೇಳು. ಇಷ್ಟು ವರ್ಷ ನಾನು ಕರೆದದ್ದು ಯಾರನ್ನು?"

"ಅದು ಲಾಲಿಯೇ" ಎಂದೆ, ಎರಡನೆಯ ಸಲ. ಅವಳು ತಲೆಯಾಡಿಸಿ ಲೋಟ ಕೆಳಗಿಟ್ಟಳು. ಫೆಬ್ರವರಿಯಲ್ಲಿ ತೀರಿಹೋದಳೆಂದು ಶ್ರೀಶ ಮೊಬೈಲಿನಲ್ಲಿ ತೋರಿಸಿದ. ಮರುದಿನವೇ ನಿನ್ನ ಫೋನು ಬಂತು.

ಅವಳಿಗೆ ಹೇಳದೆ ಕೆಟ್ಟೆ. ನಿನಗೂ ಹೇಳದಿದ್ದರೆ ನಾನು ಅಪ್ಪನೇ ಅಲ್ಲ. ತೊಟ್ಟಿಲ ದಿನ ನಿನ್ನ ಅತ್ತೆಗೆ ಬರುವ ಯಾವ ಹಾಡಾದರೂ ಆಗಲಿ, ಸಿನಿಮಾದ್ದಾದರೂ ಅಡ್ಡಿಯಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು, ಬೈಕು ಹತ್ತಬೇಡ. ಹೆರಿಗೆ ಸುಖವಾಗಿ ಆಗಲಿ. ನಮ್ಮ ಊರಿನ ದೈವಗಳು ತಾಯಿ ಮಗುವಿನ ಬೆನ್ನಿಗಿರಲಿ.

ನಿನ್ನ ಅಪ್ಪ,
ಐತಪ್ಪ

ತಾ.ಕ.: ಇಲ್ಲಿಂದ ಮುಂದೆ ನೀನೇ ಓದು ಮಗಾ, ಅಕ್ಷರ ಕೂಡಿಸಿಕೊಂಡಾದರೂ ಸರಿ. ಅಮ್ಮ ಹಾಡುತ್ತಿದ್ದದ್ದು ನಿನ್ನ ಅಕ್ಕನಿಗೆ. ಒಂಬತ್ತು ದಿನ ಇದ್ದಳು. ಆಗ್ನೆಸ್ ಕೇಳಿದಾಗ ನಿನ್ನ ಅಮ್ಮ ಒಳಗೆ, ಹಾಲು ಕಟ್ಟಿದ ಎದೆಗೆ ಬಟ್ಟೆ ಬಿಗಿದುಕೊಂಡು ಮಲಗಿದ್ದಳು. ಅವಳಿಗೆ ಕೇಳಿಸುವ ಹಾಗೆ "ಹೋಗು" ಎನ್ನಲು, ಇಂಗ್ಲಿಷಿನಲ್ಲೂ, ನನ್ನ ನಾಲಿಗೆ ಹೊರಳಲಿಲ್ಲ. ಸಾಯುವವರೆಗೂ ನಿನ್ನ ಅಮ್ಮ ಹಿತ್ತಲ ಬಾಗಿಲಿಗೆ ಚಿಲಕ ಹಾಕಲು ಬಿಡಲಿಲ್ಲ. ಕಳ್ಳರು ಬರುತ್ತಾರೆ ಎಂದು ನೀನು ಬೈದರೆ ನಗುತ್ತಿದ್ದಳು, ನೆನಪಿದೆಯೇ? ಆಗ್ನೆಸ್ ತೀರಿಹೋದ ಮೇಲೆ ದಿನಾ ಮುಸ್ಸಂಜೆ ಆ ಬಾಗಿಲಲ್ಲಿ ನಾನು ಕೂರುತ್ತೇನೆ. ಈಗಲಾದರೂ ಸರಿಯಾಗಿ ಹಾಡಿ ಕೂಸನ್ನು ಕಳಿಸಿಕೊಡೋಣ ಎಂದು ಬಾಯಿ ತೆರೆಯುತ್ತೇನೆ. "ಬಾ" ಎಂದೇ ಬರುತ್ತದೆ.