ಮಂಚದ ಕೆಳಗಿನ ಅಪ್ಪ

ಶನಿವಾರ, ಮಾರ್ಚ್ 14

ಆ ಚಿತ್ರ ಕಣ್ಣಿಂದ ಹೋಗುತ್ತಿಲ್ಲ.

ಶಾಲೆಯ ವಲಸೆ ಮಕ್ಕಳ ಅಪ್ಪ ಅಮ್ಮಂದಿರಿಗೆ ಯಾವಾಗ ಹಿಡಿದು ಗಡೀಪಾರು ಮಾಡುತ್ತಾರೋ ಎಂಬ ಭಯ. ವಕೀಲರ ಖರ್ಚಿಗೆಂದು ನಮ್ಮ ಬೀದಿಯವರು ಇವತ್ತು ಆ ಮಕ್ಕಳು ಬರೆದ ಚಿತ್ರಗಳನ್ನು ಹರಾಜು ಹಾಕಿದೆವು. ನಾವು ಕೊಟ್ಟ ವಿಷಯ ‘ನಮ್ಮ ಮನೆ’. ಎಂಥ ಬುದ್ಧಿವಂತರು ನಾವು! ಪಕ್ಕದ ಮನೆಯ ಪುಟ್ಟಿ ಇದ್ದದ್ದನ್ನು ಇದ್ದ ಹಾಗೇ ಬರೆದಿದ್ದಳು: ಹಸಿರು ಬಾಗಿಲು, ಅದರ ಮೇಲೆ ಮನೆ ನಂಬರು, ಒಳಗೆ ಮಂಚ, ಮಂಚದ ಕೆಳಗೆ ಮುದುರಿಕೊಂಡ ಅಪ್ಪ.

“ಅಯ್ಯೋ, ಎಷ್ಟು ಮುದ್ದಾಗಿದೆ! ಕಣ್ಣಾಮುಚ್ಚಾಲೆ ಆಡ್ತಿದಾರೆ!” ಎಂದರು ಬೇಕರಿಯಮ್ಮ. ಎಲ್ಲರೂ ಚಪ್ಪಾಳೆ ತಟ್ಟಿದರು. ಪುಟ್ಟಿಯ ಅಮ್ಮ ಬಿಳಿಚಿಕೊಂಡು ನನ್ನ ತೋಳು ಹಿಡಿದಳು. “ಅಕ್ಕಾ, ಅದನ್ನ ನೀವೇ ತಗೊಂಡ್ಬಿಡಿ.”

ಹರಾಜು ಕೂಗಿದೆ. ಬೇಕರಿಯಮ್ಮ ಬಿಡಬೇಕಲ್ಲ! ನನಗಿಂತ ಜಾಸ್ತಿ ಕೂಗಿ ಗೆದ್ದು, ಸಂಜೆಗೇ ಕಟ್ಟು ಹಾಕಿಸಿ, ಅಂಗಡಿಯ ಗಾಜಿಗೆ ತಗುಲಿಹಾಕಿದ್ದಾರೆ. ಹಿಡಿಯಲು ಬರುವ ಪೊಲೀಸರು ಬೆಳಿಗ್ಗೆ ಟೀ ಕುಡಿಯುವುದೂ ಅಲ್ಲೇ. ಸೋತ ನನಗೆ ಸಮಾಧಾನಕ್ಕೊಂದು ಬನ್ನು ಕೊಟ್ಟರು. ತಿಂದೆ.

ಕತ್ತಲಾದ ಮೇಲೆ ಪುಟ್ಟಿಯ ಅಮ್ಮ ಬಂದಳು. ಹೊಸಿಲು ದಾಟಲಿಲ್ಲ.

“ಅಕ್ಕಾ, ನಮ್ಮವರಿಗೆ ನಿಮ್ಮ ಮಂಚದ ಕೆಳಗೆ ಒಂದು ರಾತ್ರಿ ಜಾಗ ಸಿಗುತ್ತಾ?”

“ಇಲ್ಲ ಕಣಮ್ಮ, ಸಾಮಾನು ತುಂಬಿಬಿಟ್ಟಿದೆ.”

ಸುಳ್ಳಲ್ಲ. ಈಗ ಬಗ್ಗಿ ನೋಡಿದೆ. ಎರಡು ಸೂಟ್‌ಕೇಸುಗಳಿವೆ. ಎಳೆದು ತೆರೆದೆ. ಎರಡೂ ಖಾಲಿ.