ಕೊಸರಿಗೆ ಖರ್ಚಿಲ್ಲ ಎಂದು ಬರೆದಿದ್ದೆ

ಅವ್ವಾ,

ನಿನಗೆ ಓದಲು ಬರುತ್ತಿರಲಿಲ್ಲ. ಅದಕ್ಕೇ ಇರಬೇಕು, ಇದನ್ನು ಬರೆಯುವ ಧೈರ್ಯ ಬಂದದ್ದು.

ಹಾಸನಕ್ಕೆ ಬಿ.ಎ. ಓದಲು ಹೊರಟ ದಿನ ನೀನು ಮೆಂತ್ಯ ಸೊಪ್ಪಿನ ಕಟ್ಟು ಕಟ್ಟುತ್ತಿದ್ದೆ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು, ಹೊಳೆನರಸೀಪುರದ ಸಂತೆಯಲ್ಲಿ ವರ್ಷಗಟ್ಟಲೆ ನಿನ್ನ ಪಕ್ಕ ಕೂತು, ಆಮೇಲೆ ಮನೆಯಲ್ಲೇ ಓದಿ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಕಟ್ಟಿ ಪಾಸಾದವಳು ನಾನು. "ಅದೇನ್ ಮಗಾ ಅದು, ಅರ್ತಶಾಸ್ತ್ರ?" ಅಂದೆ ನೀನು. ಅಂಗಡಿ ಇಡುವವರು, ಸರ್ಕಾರ ನಡೆಸುವವರು ಯಾವುದನ್ನು ಎಷ್ಟು, ಯಾವ ಬೆಲೆಗೆ ಅಂತ ಹೇಗೆ ತೀರ್ಮಾನ ಮಾಡಬೇಕು ಅನ್ನೋ ಪಾಠ ಎಂದೆ ನಾನು. "ಅಷ್ಟಕ್ಕೆ ಆಸನಕ್ಯಾಕ್ ಓಯ್ತೀಯ, ನಾನೇ ಏಳ್ಕೊಡ್ತಿದ್ದೆ ಬುಡು."

ಪರೀಕ್ಷೆಯಲ್ಲಿ ಸೀಮಾಂತ ವೆಚ್ಚ ಕೇಳಿದ್ದರು. ಅಂದರೆ, ಇನ್ನೂ ಒಂದನ್ನು ಹೆಚ್ಚಿಗೆ ಮಾಡಿದರೆ ತಗಲುವ ಖರ್ಚು. ನನಗೆ ಕಂಡದ್ದು ನಿನ್ನ ಕೈ. ಕೊಂಡವರ ಚೀಲಕ್ಕೆ ಮೇಲೊಂದು ಕಟ್ಟು ಕೊಸರು ಹಾಕುತ್ತಿದ್ದೆಯಲ್ಲ, ಅದಕ್ಕೇನು ಖರ್ಚು? ಸೊನ್ನೆ ಎಂದು ಬರೆದೆ. ಅದನ್ನೇ ಹಿಡಿದು ಎಲ್ಲ ಲೆಕ್ಕದಲ್ಲೂ ಕೊನೆಯದಕ್ಕೆ ಸೊನ್ನೆ ಹಾಕಿಬಂದೆ.

ಫಲಿತಾಂಶ ಬಂದ ದಿನ ನೀನು ಸಂತೆಯಲ್ಲೇ ಕೇಳಿದೆ, "ಪಾಸಾತಾ ಮಗಾ?" ನಿನ್ನ ಮುಖ ನೋಡಿ "ಹ್ಞೂಂ ಕಣವ್ವ" ಅಂದುಬಿಟ್ಟೆ. ಫೇಲಾಗಿದ್ದೆ. ನೀನೋ, ಬಂದವರಿಗೆಲ್ಲ ಎರಡೆರಡು ಕಟ್ಟು ಕೊಸರು. "ತಗಳವ್ವ, ನನ್ ಮಗ್ಳು ಪಾಸಾಗವ್ಳೆ." ಪಕ್ಕದಲ್ಲಿ ಬದನೆಕಾಯಿ ಮಾರುವ ನಿಂಗಮ್ಮ ನಕ್ಕಳು: "ಇಂಗೇ ಕೊಟ್ರೆ ಬರೀ ಮಂಕ್ರಿ ಒತ್ಕೊಂಡ್ ಮನೀಗ್ ಓಯ್ತೀಯ." "ಓಗ್ಲಿ ಬುಡಕ್ಕ, ತಲೆ ಅಗುರಾಯ್ತದೆ." ಆಗಲಾದರೂ ನಾನು ಬಾಯಿ ಬಿಟ್ಟಿದ್ದರೆ...

ನಾಳೆ ಹೇಳೋಣ, ನಾಡಿದ್ದು ಹೇಳೋಣ ಅಂದುಕೊಳ್ಳುತ್ತಲೇ ತಿಂಗಳಾಯಿತು. ಅಷ್ಟರಲ್ಲಿ ನೀನೇ ಇರಲಿಲ್ಲ.

ಆಮೇಲೆ ಕಾಲೇಜಿನ ಅರ್ಥಶಾಸ್ತ್ರದ ಮೇಡಂ ನನ್ನ ಉತ್ತರ ಪತ್ರಿಕೆ ತಿರುವಿ ನೋಡಿ ಕೇಳಿದರು: "ಆ ಕಟ್ಟು ತಾನಾಗೇ ಬಂತೇನಮ್ಮ? ಅದನ್ನ ಕಿತ್ತು ಕಟ್ಟೋ ಹೊತ್ತಲ್ಲಿ ನಿಮ್ಮ ತಾಯಿ ಇನ್ನೇನು ಮಾಡಬಹುದಿತ್ತು?"

"ಇನ್ನೊಂದು ಗಳಿಗೆ ಮಲಗಬಹುದಿತ್ತು ಮೇಡಂ" ಎಂದೆ. ಬೆಳಗಿನ ಇಬ್ಬನಿಯಲ್ಲಿ ನೀನು ಬಗ್ಗಿ ಕೀಳುತ್ತಿದ್ದದ್ದನ್ನು ದಿನಾ ನೋಡಿದವಳು ನಾನು. ನಾನೇ ಅದಕ್ಕೆ ಸೊನ್ನೆ ಹಾಕಿದ್ದೆನಲ್ಲ?

ಹೋದ ವಾರ ಮತ್ತೆ ಪರೀಕ್ಷೆ ಬರೆದೆ. ಬಸ್ಸಿನಲ್ಲಿ ಹಾಲ್ ಟಿಕೆಟ್ಟನ್ನು ಎಷ್ಟು ಸಲ ಮುಟ್ಟಿ ನೋಡಿಕೊಂಡೆನೋ. ಬರುವಾಗ ಸಂತೆಯಲ್ಲಿ ಇಳಿದು ನಿಂಗಮ್ಮನಿಗೆ ನಿಜ ಹೇಳಿದೆ. ಅವಳು ಬದನೆಕಾಯಿ ಜೋಡಿಸುತ್ತಲೇ, "ಅಂಗಾರೆ ಅವತ್ತಿನ್ ಸೊಪ್ಪು ವಾಪಸ್ ಕೊಡ್ಬೇಕೇನವ್ವ? ಉಂಡ್ಬುಟ್ಟಿದ್ದೀವಲ್ಲ" ಅಂದಳು. ನಗು ಬಂತು, ಅಳುವೂ ಬಂತು.

ಫಲಿತಾಂಶ ಇನ್ನೂ ಬಂದಿಲ್ಲ. ಬಂದ ದಿನ ಸಂತೆಯಲ್ಲಿ ನಿನ್ನ ಜಾಗದಲ್ಲೇ ಕೂತುಕೊಳ್ಳುತ್ತೇನೆ. ಯಾರು ಕೇಳಿದರೂ, ಪಾಸಾದರೆ ಪಾಸು, ಫೇಲಾದರೆ ಫೇಲು ಅಂತಲೇ ಹೇಳುತ್ತೇನೆ.

ನಿನ್ನ
ಪುಟ್ಟಿ